ಕಲಿಸಲು ಬಂದವರ ಕಲಿಕೆ: ಬಾಸೆಲ್ ಮಿಶನ್ ಉಪಾಧ್ಯಾಯರು ಕನ್ನಡ ನಾಡಿನಲ್ಲಿ ನೆಲೆಗೊಂಡ ಬಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಕ್ರೈಸ್ತ ಮಿಶನರಿಗಳನ್ನು ಕುರಿತ ಕನ್ನಡದ ಬರವಣಿಗೆ ಮುಖ್ಯವಾಗಿ ಎರಡು ದಾರಿಗಳಲ್ಲಿ ಸಾಗಿದೆ. ಒಂದು, ಅವರ ಕೆಲಸವನ್ನು ‘ಕನ್ನಡ ಸೇವೆ’ ಎಂಬ ಹೆಸರಿನಡಿ ಪಟ್ಟಿಮಾಡುವುದು: ನಿಘಂಟು, ವ್ಯಾಕರಣ, ಪತ್ರಿಕೆ, ಮುದ್ರಣಾಲಯ, ಗ್ರಂಥಸಂಪಾದನೆ. ಇನ್ನೊಂದು, ಅದೇ ಕೆಲಸವನ್ನು ಮತಪ್ರಸಾರದ ಹಾಗೂ ವಸಾಹತುಶಾಹಿಯ ಉಪಕರಣವೆಂದು ಓದುವುದು. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಮೊದಲ ಬಗೆಯ ಓದಿಗೆ ಭದ್ರವಾದ ಮಾಹಿತಿಯ ತಳಹದಿಯನ್ನು ಒದಗಿಸಿತು. ಅನಂತರದ ವಸಾಹತೋತ್ತರ ಚಿಂತನೆ ಎರಡನೆಯದನ್ನು ಬೆಳೆಸಿತು. ಈ ಎರಡೂ ಓದುಗಳು ಎದುರಿಗಿಟ್ಟುಕೊಳ್ಳುವುದು ಈಗಾಗಲೇ ನೆಲೆಗೊಂಡ ಮಿಶನರಿಯನ್ನು. ಅವನಿಗೆ ಆಗಲೇ ಕನ್ನಡ ಬಂದಿದೆ, ಮನೆಯಿದೆ, ಶಾಲೆಯಿದೆ, ಓದಿಕೊಡುವ ಪಂಡಿತರಿದ್ದಾರೆ. ಅಲ್ಲಿಗೆ ಅವನು ತಲುಪಿದ್ದು ಹೇಗೆ, ಆ ತಲುಪುವಿಕೆಗೆ ಯಾರು ಯಾವ ಬೆಲೆ ತೆತ್ತರು ಎಂಬುದು ಎರಡು ಓದುಗಳಿಗೂ ಪ್ರಸ್ತಾವನೆಯ ಒಂದು ವಾಕ್ಯದಲ್ಲಿ ಮುಗಿದುಹೋಗುವ ಸಂಗತಿ. ಪ್ರಸ್ತುತ ಲೇಖನದ ಕಾಳಜಿ ಆ ಒಂದು ವಾಕ್ಯವನ್ನು ಬಿಡಿಸಿ ನೋಡುವುದು. ಬಾಸೆಲ್ ಮಿಶನ್ನಿನ ಉಪಾಧ್ಯಾಯರು, ಅದರಲ್ಲೂ ಹರ್ಮನ್ ಮೊಗ್ಲಿಂಗ್ (1811-1881), ಇಲ್ಲಿ ಅಧ್ಯಯನದ ವಸ್ತು.

1

1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಭಾರತದ ಬಾಗಿಲು ತೆರೆದದ್ದು 1833ರ ಸನ್ನದು ಕಾಯಿದೆಯ ನಂತರ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶದಲ್ಲಿ ಬ್ರಿಟಿಷರಲ್ಲದ ಮಿಶನರಿಗಳೂ ಕೆಲಸಮಾಡಬಹುದೆಂದಾದಾಗ ಸಾಮ್ಯುವೆಲ್ ಹೆಬಿಕ್, ಲೆನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ಅವರ ಕೇಂದ್ರಗಳಾದವು.

ಬಂದವರ ಸಾಮಾಜಿಕ ಹಿನ್ನೆಲೆಯನ್ನು ಗಮನಿಸಬೇಕು. ಬಾಸೆಲ್ ಮಿಶನರಿಗಳಲ್ಲಿ ಬಹುಸಂಖ್ಯಾತರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರದೇಶದ ಹಳ್ಳಿ ಪಟ್ಟಣಗಳಿಂದ ಬಂದ ರೈತರ, ಕುಶಲಕರ್ಮಿಗಳ ಮಕ್ಕಳು. ‘ಪಯಟಿಸ್ಟ್’ ಎಂದು ಕರೆಯಲಾಗುವ ಭಕ್ತಿಪರ ಪ್ರಾಟೆಸ್ಟಂಟ್ ಪಂಥದ ಶಿಸ್ತಿನಲ್ಲಿ ಬೆಳೆದವರು. ಅವರು ಆಳುವ ಜನಾಂಗಕ್ಕೆ ಸೇರಿದವರಲ್ಲ. ಇಂಗ್ಲಿಷ್ ಕೂಡ ಅವರಿಗೆ ಕಲಿತ ಭಾಷೆ. ಆದರೆ ಮಂಗಳೂರಿನ ಬೀದಿಯಲ್ಲಿ ನಡೆಯುವವರ ಕಣ್ಣಿಗೆ ಅವರೂ ‘ದೊರೆಗಳೇ’. ಕಲೆಕ್ಟರನ, ನ್ಯಾಯಾಧೀಶನ ಸ್ನೇಹ ಅವರಿಗೆ ಬೇಕಿತ್ತು, ಸಿಕ್ಕಿತ್ತು ಕೂಡ. ಆ ಸ್ನೇಹವಿಲ್ಲದೆ ಶಾಲೆಗೆ ಜಾಗವಾಗಲಿ ಪುಸ್ತಕಕ್ಕೆ ಹಣವಾಗಲಿ ಒದಗುವುದು ಕಷ್ಟವಿತ್ತು. ಹೀಗೆ ತಮ್ಮ ಊರಿನಲ್ಲಿ ಸಾಮಾನ್ಯರಾಗಿದ್ದವರು ಹಡಗಿನಿಂದ ಇಳಿಯುತ್ತಲೇ ಬೇರೊಂದು ಮೆಟ್ಟಿಲಿಗೆ ಏರಿಬಿಟ್ಟಿದ್ದರು. ಅವರ ನೆಲೆಗೊಳ್ಳುವಿಕೆಯ ಮೊದಲ ತೊಡಕು ಹವೆ ಆಹಾರಗಳಿಗಿಂತ ಇಲ್ಲಿತ್ತು.

ಮೊಗ್ಲಿಂಗ್ ಈ ಗುಂಪಿನಲ್ಲಿಯೂ ಭಿನ್ನ. ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿದ ಅವನು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದವನು. ಮಲಯಾಳಂ ನಿಘಂಟುಕಾರನಾಗಿ ಪ್ರಸಿದ್ಧನಾದ ಹರ್ಮನ್ ಗುಂಡರ್ಟ್ ಅವನ ಅಲ್ಲಿಯ ದಿನಗಳ ಗೆಳೆಯ. ಮುಂದೆ ಮೊಗ್ಲಿಂಗನ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದವನೂ (1882) ಅವನೇ. 1836ರ ಕೊನೆಗೆ ಮಂಗಳೂರಿಗೆ ಬಂದ ಮೊಗ್ಲಿಂಗ್ ಗ್ರೀಕ್, ಹೀಬ್ರೂ ಬಲ್ಲವನಾಗಿದ್ದ. ಪ್ರಾಚೀನ ಭಾಷೆಯೊಂದನ್ನು ಹಸ್ತಪ್ರತಿ, ಪಾಠ, ವ್ಯಾಖ್ಯಾನಗಳ ಮೂಲಕ ಸಮೀಪಿಸುವ ತರಬೇತಿ ಅವನಿಗಿತ್ತು. ಈ ತರಬೇತಿಯೇ ಅವನು ಕನ್ನಡದಲ್ಲಿ ಊರಿದ ಮೊದಲ ಹೆಜ್ಜೆಯನ್ನು ನಿರ್ಧರಿಸಿತು ಎನ್ನಬಹುದು.

2

ಹೊರನಾಡಿಗೆ ಕಲಿಸಲು ಹೋದ ಉಪಾಧ್ಯಾಯನು ಮೊದಲು ವಿದ್ಯಾರ್ಥಿಯಾಗಬೇಕಾಗುತ್ತದೆ. ಮಿಶನರಿಯ ವಿಷಯದಲ್ಲಿ ಇದು ಒಂದು ನಿಯತವಾದ ವ್ಯವಸ್ಥೆಯೇ ಆಗಿತ್ತು: ಬಂದ ಕೂಡಲೇ ಮುನ್ಶಿಯೊಬ್ಬನನ್ನು ನೇಮಿಸಿಕೊಂಡು ದಿನಕ್ಕೆ ಹಲವು ಗಂಟೆ ಭಾಷೆ ಕಲಿಯುವುದು. ಮುನ್ಶಿ ಮತ್ತು ಮಿಶನರಿಯ ಈ ಸಂಬಂಧ ನಮ್ಮ ಗುರುಶಿಷ್ಯ ಪರಂಪರೆಯ ತಲೆಕೆಳಗಾದ ರೂಪ. ಇಲ್ಲಿ ಗುರುವಿಗೆ ತಿಂಗಳ ಸಂಬಳ ಕೊಡುವವನು ಶಿಷ್ಯ. ಯಾವಾಗ ಪಾಠ, ಯಾವ ಪಠ್ಯ, ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವವನೂ ಶಿಷ್ಯನೇ. ಜೊತೆಗೆ ಗುರುವಿನ ಧರ್ಮ ಸುಳ್ಳೆಂದು ಬೀದಿಯಲ್ಲಿ ಸಾರುವುದು ಶಿಷ್ಯನ ವೃತ್ತಿ. ಬೆಳಗ್ಗೆ ಷಟ್ಪದಿಯ ಅನ್ವಯ ಹೇಳಿಕೊಟ್ಟವನ ನಂಬಿಕೆಯನ್ನು ಸಂಜೆ ಅದೇ ಭಾಷೆಯಲ್ಲಿ ಖಂಡಿಸುವ ಪರಿಸ್ಥಿತಿಯನ್ನು ಇಬ್ಬರೂ ಹೇಗೆ ತಾಳಿಕೊಂಡರು ಎಂಬುದು ಕನ್ನಡದ ಸಾಂಸ್ಕೃತಿಕ ಚರಿತ್ರೆಗೆ ಸಣ್ಣ ಪ್ರಶ್ನೆಯೇನಲ್ಲ.

ಯಾವ ಕನ್ನಡವನ್ನು ಕಲಿಯಬೇಕೆಂಬುದೂ ಅಷ್ಟು ಸರಳವಾಗಿರಲಿಲ್ಲ. ಮಂಗಳೂರಿನ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳಿದ್ದವು. ಕನ್ನಡವು ಕಚೇರಿಯ, ಬರಹದ, ಯಕ್ಷಗಾನ ಪ್ರಸಂಗದ ಭಾಷೆಯಾಗಿತ್ತು. ಗ್ರೈನರ್ ತುಳುವಿನತ್ತ ತಿರುಗಿದ. ಅವನೂ ಅಮ್ಮನ್ನನೂ ಮಾಡಿದ ಹೊಸ ಒಡಂಬಡಿಕೆಯ ತುಳು ಅನುವಾದ ಕನ್ನಡ ಲಿಪಿಯಲ್ಲಿಯೇ ಅಚ್ಚಾಯಿತು. ಧಾರವಾಡದಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ಜನರ ಬಾಯಲ್ಲಿ ಕನ್ನಡವಿತ್ತು, ಕಚೇರಿ ಮತ್ತು ಶಾಲೆಗಳಲ್ಲಿ ಮರಾಠಿಯ ಮೇಲುಗೈ ಇತ್ತು. ಆದ್ದರಿಂದ ಮಂಗಳೂರಿನಲ್ಲಿ ಕಲಿತವನಿಗೆ ಬರಹದ ಕನ್ನಡ, ಧಾರವಾಡದಲ್ಲಿ ಕಲಿತವನಿಗೆ ಆಡುಮಾತಿನ ಕನ್ನಡ ಮೊದಲು ದಕ್ಕಿತು. ಎರಡೂ ಕಡೆ ಇದ್ದವರ ಬರವಣಿಗೆಯಲ್ಲಿ ಎರಡೂ ಸೇರಿಕೊಂಡವು. ಫರ್ಡಿನೆಂಡ್ ಕಿಟೆಲ್‌ನ ನಿಘಂಟು (1894) ಇದಕ್ಕೆ ಅತ್ಯುತ್ತಮ ಸಾಕ್ಷಿ. ಅದರಲ್ಲಿ ಪದದ ಪಕ್ಕದಲ್ಲಿ ಇದು ಮೈಸೂರು ಸೀಮೆಯ ಬಳಕೆ, ಇದು ದಕ್ಷಿಣ ಮರಾಠಾ ಸೀಮೆಯ ಬಳಕೆ ಎಂಬ ಸಂಕೇತಗಳಿವೆ; ಕವಿಪ್ರಯೋಗಗಳ ಸಾಲಿನಲ್ಲೇ ಗಾದೆಗಳೂ ಇವೆ. ನಿಘಂಟನ್ನು ಪದಕೋಶವಾಗಿ ಮಾತ್ರ ನೋಡುವವರಿಗೆ ಇವು ಪ್ರಾದೇಶಿಕ ಭೇದದ ಟಿಪ್ಪಣಿಗಳು. ಬದುಕಿನ ದಾಖಲೆಯಾಗಿ ಓದಿದರೆ ಅವು 1853ರಿಂದ ಧಾರವಾಡ, ಮಂಗಳೂರು, ಕೊಡಗುಗಳಲ್ಲಿ ನೆಲೆಸುತ್ತ, ನೆಲೆ ಬದಲಿಸುತ್ತ ಹೋದ ಒಬ್ಬ ವಿದೇಶಿಯ ಕಿವಿಗೆ ಯಾವ ಮಾತು ಎಲ್ಲಿಂದ ಬಿದ್ದಿತು ಎಂಬುದರ ಗುರುತುಗಳು. ಕನ್ನಡದ ಬೇರೆ ಯಾವ ಆತ್ಮಕಥೆಯೂ ಅಕಾರಾದಿಯಾಗಿ ಜೋಡಣೆಗೊಂಡಿಲ್ಲ!

ಮುನ್ಶಿಗಳ ಹೆಸರುಗಳು ಬಹುಪಾಲು ಅಳಿಸಿಹೋಗಿರುವುದನ್ನು ಇಲ್ಲಿಯೇ ಹೇಳಬೇಕು. ಕಲ್ಲಚ್ಚಿನ ಉದಾಹರಣೆ ಇದನ್ನು ಕಣ್ಣಿಗೆ ಕಟ್ಟಿಸುತ್ತದೆ. 1843ರ ಜುಲೈ 1ರಂದು ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ 1848ರಿಂದ ಬಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯೂ ಕಲ್ಲಚ್ಚಿನಲ್ಲಿ ಅಚ್ಚಾದವು. ಕಲ್ಲಚ್ಚೆಂದರೆ ಮೊಳೆ ಜೋಡಿಸುವ ಕೆಲಸವಲ್ಲ. ಯಾರಾದರೂ ಒಬ್ಬರು ಪುಟವನ್ನು ಪೂರ್ತಿಯಾಗಿ ಕೈಯಿಂದ ಬರೆಯಬೇಕು, ಆ ಬರಹವೇ ಕಲ್ಲಿಗೆ ಇಳಿದು ಕಾಗದಕ್ಕೆ ಏರುತ್ತದೆ. ಎಂದರೆ ಕನ್ನಡ ಪತ್ರಿಕೋದ್ಯಮದ ಮೊದಲ ಪುಟಗಳಲ್ಲಿ ಮತ್ತು ಬಸವಪುರಾಣ, ಜೈಮಿನಿ ಭಾರತ, ತೊರವೆ ರಾಮಾಯಣಗಳ ಮೊದಲ ಮುದ್ರಣಗಳಲ್ಲಿ ನಾವು ಕಾಣುವುದು ಲಿಪಿಕಾರರ ಅಕ್ಷರ. ಸಂಪಾದಕನ ಹೆಸರು ಎಲ್ಲರಿಗೂ ಗೊತ್ತು. ಅಕ್ಷರ ಯಾರದೆಂದು ನಮ್ಮ ಸಾಹಿತ್ಯಚರಿತ್ರೆಗಳು ಕೇಳಿದ್ದು ಅಪರೂಪ.

3

ಮೊಗ್ಲಿಂಗ್ ಸಾಹಿತ್ಯದ ಕಡೆಗೆ ತಿರುಗಿದ್ದಕ್ಕೆ ಉತ್ತರ ಕರ್ನಾಟಕದ ಒಂದು ಸೋಲು ಕಾರಣವಾಗಿರುವಂತೆ ತೋರುತ್ತದೆ. 1839-40ರ ಸುಮಾರಿಗೆ ಹುಬ್ಬಳ್ಳಿ ಧಾರವಾಡದ ಆಸುಪಾಸಿನಲ್ಲಿ ಕಾಲಜ್ಞಾನದ ವಚನಗಳನ್ನು ನಂಬುವ ಒಂದು ಗುಂಪು ಮಿಶನರಿಗಳನ್ನು ಸಂಪರ್ಕಿಸಿತು. ತಮ್ಮ ಕಾಲಜ್ಞಾನದಲ್ಲಿ ಬರಲಿರುವವರೆಂದು ಹೇಳಿದ್ದು ಇವರನ್ನೇ ಇರಬಹುದೆಂಬ ಭಾವನೆ ಆ ಜನರಲ್ಲಿತ್ತು. ಮಿಶನರಿಗಳು ಇದರಲ್ಲಿ ಸಾಮೂಹಿಕ ಮತಾಂತರದ ಸೂಚನೆಯನ್ನು ಕಂಡರು, ಅದು ಈಡೇರಲಿಲ್ಲ. ಎರಡೂ ಕಡೆಯವರು ಒಂದೇ ಮಾತನ್ನು ಆಡುತ್ತ ಬೇರೆ ಬೇರೆ ಅರ್ಥದಲ್ಲಿ ಕೇಳಿಸಿಕೊಂಡ ಪ್ರಸಂಗವಿದು. ಭವಿಷ್ಯವನ್ನು ಹೇಳುವ ಒಂದು ಪಠ್ಯಪರಂಪರೆ ಈ ನಾಡಿನಲ್ಲಿ ಎಷ್ಟು ಹಳೆಯದು, ಶರಣರ ಪುರಾಣಗಳೊಡನೆ ಅದರ ಸಂಬಂಧವೇನು, ಕೇಳುವವರು ಅದರಿಂದ ಏನನ್ನು ಬಯಸುತ್ತಾರೆ ಎಂಬುದು ತಿಳಿಯದವನಿಗೆ ಆ ಜನರ ಮಾತು ಅರ್ಥವಾಗುವ ಸಾಧ್ಯತೆಯಿರಲಿಲ್ಲ. ಮಂಗಳೂರಿನ ನ್ಯಾಯಾಧೀಶ ಕ್ಯಾಸಮೇಜರನ ಹಣದ ನೆರವಿನಿಂದ ಹೊರಬಂದ ಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳಿಗೆ ಸ್ಥಾನ ದೊರೆತದ್ದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ, ಆ ಪ್ರಕಟಣೆ ನಿರ್ಮಲ ಸಾಹಿತ್ಯಪ್ರೀತಿಯೂ ಅಲ್ಲ, ಬರಿಯ ತಂತ್ರವೂ ಅಲ್ಲ. ಜನರನ್ನು ಅರಿಯದೆ ಕಲಿಸಲು ಹೊರಟ ಉಪಾಧ್ಯಾಯನೊಬ್ಬ ಮತ್ತೆ ಪಾಠಕ್ಕೆ ಕುಳಿತ ರೀತಿ. ಅವನ ಬಂಧುವೂ ಸಹೋದ್ಯೋಗಿಯೂ ಆದ ಗಾಟ್‌ಫ್ರೀಡ್ ವೈಗ್ಲೆ 1848ರಲ್ಲಿ ಜರ್ಮನ್ ಪ್ರಾಚ್ಯ ಸಂಘದ ಪತ್ರಿಕೆಯಲ್ಲಿ ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಕುರಿತು ದೀರ್ಘ ಲೇಖನ ಪ್ರಕಟಿಸಿದ್ದೂ ಈ ಪಾಠದ ಫಲವೇ.

ಮಂಗಳೂರಿನ ವಸತಿಶಾಲೆ ಮತ್ತು ಸೆಮಿನರಿಯಲ್ಲಿ ಮೊಗ್ಲಿಂಗ್ ನಡೆಸಿದ ಪ್ರಯೋಗ ಇನ್ನೂ ಸೂಕ್ಷ್ಮವಾದುದು. ಅವನು ವಿದ್ಯಾರ್ಥಿಗಳೊಡನೆ ಒಂದೇ ಮನೆಯಲ್ಲಿ ವಾಸಿಸಿ, ಅವರು ಉಣ್ಣುವುದನ್ನೇ ಉಂಡು, ಯುರೋಪಿಯನ್ನರ ಬಂಗಲೆ ಬದುಕಿನಿಂದ ದೂರವಿರಲು ಯತ್ನಿಸಿದ. ಊಟ ವಸತಿಗಳ ಈ ಆಯ್ಕೆ ಮಿಶನ್ ವಲಯದಲ್ಲಿಯೇ ಇರುಸುಮುರುಸಿಗೆ ಕಾರಣವಾಯಿತು. ಒಬ್ಬನು ಗಂಜಿಯುಂಡು ನೆಲದ ಮೇಲೆ ಕುಳಿತರೆ ಮೇಜಿನ ಮುಂದೆ ಕುಳಿತ ಉಳಿದವರ ಬದುಕು ತಾನಾಗಿಯೇ ಟೀಕೆಗೆ ಒಳಗಾಗುತ್ತದೆ. ಮುಂದೆ ಕಿಟೆಲ್ ಧಾರವಾಡದ ಸುತ್ತಣ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತತೊಡಗಿದಾಗಲೂ ಇದೇ ಬಗೆಯ ಅಸಮಾಧಾನ ಎದ್ದಿತು. ಆದರೆ ಇದನ್ನು ತ್ಯಾಗದ ಕಥೆಯಾಗಿ ಹೇಳುವವರು ಒಂದನ್ನು ಮರೆಯುತ್ತಾರೆ: ಉಪಾಧ್ಯಾಯನಿಗೆ ಎದ್ದು ಬಂಗಲೆಗೆ ಹೋಗುವ ದಾರಿ ಯಾವಾಗಲೂ ತೆರೆದೇ ಇತ್ತು. ಅವನ ಜೊತೆ ಉಂಡ ವಿದ್ಯಾರ್ಥಿಗೆ ಹಿಂದಿರುಗುವ ಮನೆ ಆ ಊಟದಿಂದಲೇ ಮುಚ್ಚಿಹೋಗುತ್ತಿತ್ತು. ಸಹಪಂಕ್ತಿ ಯುರೋಪಿಯನ್ನನಿಗೆ ಸರಳತೆ, ಮೇಲುಜಾತಿಯ ಹುಡುಗನಿಗೆ ಜಾತಿನಷ್ಟ.

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಮತ್ತಿಬ್ಬರೊಡನೆ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಎದ್ದ ಕೋಲಾಹಲ ಇದನ್ನು ಬಯಲಿಗೆ ತಂದಿತು. ಕೌಂಡಿನ್ಯ ಮೊಗ್ಲಿಂಗನ ಹೆಸರನ್ನು ತನ್ನದರ ಜೊತೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. 1846ರಲ್ಲಿ ಮೊಗ್ಲಿಂಗನೊಡನೆ ಯುರೋಪಿಗೆ ಹೋಗಿ 1851ರವರೆಗೆ ಬಾಸೆಲ್‌ನ ಸೆಮಿನರಿಯಲ್ಲಿ ಓದಿದ. ಹೊರನಾಡಿನಲ್ಲಿ ನೆಲೆಗೊಳ್ಳುವ ಪ್ರಶ್ನೆಯನ್ನು ನಾವು ಯಾವಾಗಲೂ ಪಶ್ಚಿಮದಿಂದ ಬಂದವರ ಕಡೆಯಿಂದ ಕೇಳುತ್ತೇವೆ. ಈ ಮಂಗಳೂರಿನವನು ಜರ್ಮನ್ ಕಲಿತು, ಅಲ್ಲಿನ ಚಳಿಯನ್ನು ತಾಳಿ, ಅಲ್ಲಿಯವರಂತೆಯೇ ಪೂರ್ಣ ಪ್ರಮಾಣದ ಮಿಶನರಿಯಾಗಿ ತನ್ನ ಊರಿನ ಸೆಮಿನರಿಗೇ ಉಪಾಧ್ಯಾಯನಾಗಿ ಮರಳಿದ. 1860ರಲ್ಲಿ ಅವನು ಮದುವೆಯಾದದ್ದು ವುರ್ಟೆಂಬರ್ಗಿನ ಮರಿ ರೈನ್‌ಹಾರ್ಟ್‌ಳನ್ನು. ಮೊಗ್ಲಿಂಗನಿಗೆ ಮಂಗಳೂರು ಪರದೇಶವಾಗಿದ್ದರೆ ಕೌಂಡಿನ್ಯನಿಗೆ ಅದು ಹುಟ್ಟಿದೂರಾಗಿದ್ದೂ ಪರದೇಶವಾಗಿತ್ತು. ಇಬ್ಬರಲ್ಲಿ ಯಾರ ನೆಲೆಗೊಳ್ಳುವಿಕೆ ಕಠಿಣವಾದುದು ಎಂಬುದಕ್ಕೆ ಉತ್ತರ ಸ್ಪಷ್ಟವಾಗಿದ್ದರೂ ಕನ್ನಡದಲ್ಲಿ ಮೊಗ್ಲಿಂಗನ ಬಗ್ಗೆ ಬಂದಿರುವ ಬರವಣಿಗೆಯ ಅಲ್ಪಾಂಶವೂ ಕೌಂಡಿನ್ಯನ ಬಗ್ಗೆ ಬಂದಿಲ್ಲ.

4

ಮಿಶನ್ನಿನ ಪಟ್ಟಿಗಳಲ್ಲಿ ‘ಉಪಾಧ್ಯಾಯ’ ಎಂಬ ಪದವಿಗೆ ಲೆಕ್ಕವಿದೆ. ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸಿದ ಮಿಶನರಿಗಳ ಹೆಂಡಂದಿರು ಬಹುಮಟ್ಟಿಗೆ ಆ ಲೆಕ್ಕದ ಹೊರಗೆ ಉಳಿದರು. ಬಾಸೆಲ್ ಮಿಶನರಿಗೆ ಮದುವೆಯಾಗಲು ಆಡಳಿತ ಸಮಿತಿಯ ಅನುಮತಿ ಬೇಕಿತ್ತು. ಕೆಲವು ವರ್ಷ ಕೆಲಸಮಾಡಿದ ಮೇಲೆ ಅನುಮತಿ ಸಿಕ್ಕರೆ ವಧು ಯುರೋಪಿನಿಂದ ಹಡಗಿನಲ್ಲಿ ಬರುತ್ತಿದ್ದಳು, ಎಷ್ಟೋ ಸಲ ಹಿಂದೆಂದೂ ಸರಿಯಾಗಿ ಕಂಡಿರದ ಗಂಡನ ಬಳಿಗೆ. ಪೌಲಿನ್ ಬಾಕ್‌ಮೈಸ್ಟರ್ ವೈಗ್ಲೆಯ ಹೆಂಡತಿಯಾಗಿ ಬಂದಳು. 1855ರಲ್ಲಿ ವೈಗ್ಲೆ ಮಂಗಳೂರಿನಲ್ಲಿ ತೀರಿಕೊಂಡ ಮೇಲೆ ಮೊಗ್ಲಿಂಗನನ್ನು ಮದುವೆಯಾದಳು. ಕಿಟೆಲ್‌ನ ಮೊದಲ ಹೆಂಡತಿ ಪೌಲಿನ್ ಐತ್ ಮದುವೆಯಾದ ನಾಲ್ಕು ವರ್ಷಕ್ಕೆ, 1864ರಲ್ಲಿ, ತೀರಿಕೊಂಡಳು. ಇಂತಹ ಸಾವುಗಳು ಜೀವನಚರಿತ್ರೆಗಳಲ್ಲಿ ಗಂಡಸಿನ ದುಃಖವಾಗಿ ಬರುತ್ತವೆಯೇ ಹೊರತು ಶಾಲೆಯೊಂದು ಉಪಾಧ್ಯಾಯಿನಿಯನ್ನು ಕಳೆದುಕೊಂಡ ಸಂಗತಿಯಾಗಿ ಬರುವುದಿಲ್ಲ.

ಮಕ್ಕಳ ವಿಷಯ ಇನ್ನೂ ಕಠೋರ. ಮಿಶನರಿಗಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಯುರೋಪಿಗೆ ಕಳುಹಿಸುವ ಪದ್ಧತಿಯಿತ್ತು. 1850ರ ದಶಕದಲ್ಲಿ ಅದಕ್ಕಾಗಿಯೇ ಬಾಸೆಲ್‌ನಲ್ಲಿ ಮಕ್ಕಳ ಮನೆಯೊಂದು ಆರಂಭವಾಯಿತು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಗುಂಡರ್ಟ್‌ನ ಮಗಳು ಮರಿಯನ್ನು ಬಾಲ್ಯದಲ್ಲೇ ಯುರೋಪಿನಲ್ಲಿ ಬಿಡಲಾಯಿತು. ಅವಳು ತಂದೆತಾಯಿಗಳ ಬಳಿ ಮರಳಿದ್ದು 1857ರಲ್ಲಿ, ಹದಿನೈದರ ವಯಸ್ಸಿನಲ್ಲಿ. (ಕಾದಂಬರಿಕಾರ ಹರ್ಮನ್ ಹೆಸ್ಸೆ ಅವಳ ಮಗ.) ಅವಳ ತಾಯಿ ಜೂಲಿ ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ವಸತಿಶಾಲೆ ನಡೆಸುತ್ತಿದ್ದಳು. ಊರಿನ ಮಕ್ಕಳಿಗೆ ಅಕ್ಷರ ಕಲಿಸಿದ ಮನೆಯಲ್ಲಿ ಆ ಮನೆಯ ಮಕ್ಕಳಿಗೆ ಜಾಗವಿರಲಿಲ್ಲ. ಮಕ್ಕಳು ಇಲ್ಲಿಯವರಾಗಿಬಿಡಬಾರದೆಂಬ ಭಯ ಈ ಪದ್ಧತಿಯ ಹಿಂದಿತ್ತು. ಭಾಷೆ, ಊಟ, ವೇಷಗಳಲ್ಲಿ ‘ಇಲ್ಲಿಯವರಾಗುವ’ ಮಾತನ್ನು ಎಷ್ಟೇ ಆಡಿದರೂ ಸಂಸ್ಥೆಗೆ ಅದರ ಗಡಿ ಎಲ್ಲಿದೆಯೆಂಬುದು ಖಚಿತವಾಗಿ ಗೊತ್ತಿತ್ತು.

5

1852ರ ಹೊತ್ತಿಗೆ ಮೊಗ್ಲಿಂಗ್ ಮಂಗಳೂರನ್ನು ಬಿಟ್ಟು ಹೊರಡುವ ಯೋಚನೆಯಲ್ಲಿದ್ದ. ಆಗ ಕೊಡಗಿನ ಅಳಮಂಡ ಸೋಮಯ್ಯ ಅವನನ್ನು ಹುಡುಕಿಕೊಂಡು ಬಂದ. ಕಲಿಸುವವನು ಕಲಿಯುವವರನ್ನು ಅರಸುತ್ತ ಹೋಗುವ ಮಿಶನರಿ ಕಥನದಲ್ಲಿ ಇದು ಎದುರು ದಿಕ್ಕಿನ ಘಟನೆ. 1853ರಲ್ಲಿ ಕೊಡಗಿಗೆ ಹೋದ ಮೊಗ್ಲಿಂಗ್ ಅಲ್ಲಿ ‘ಕೂರ್ಗ್ ಮೆಮೊಯರ್ಸ್’ (1855) ಬರೆದ. ದೊಡ್ಡ ವೀರರಾಜೇಂದ್ರನ ಕಾಲದಲ್ಲಿ ರಚಿತವಾದ ‘ರಾಜೇಂದ್ರನಾಮೆ’ಯನ್ನು 1857ರಲ್ಲಿ ಪ್ರಕಟಿಸಿದ. ಆ ದಶಕದ ಕೊನೆಗೆ, ಜೀತದಲ್ಲಿದ್ದ ದಲಿತ ಕುಟುಂಬಗಳಿಗಾಗಿ ಆನಂದಪುರವೆಂಬ ವಸತಿ ಮೂಡಿತು. ಕೌಂಡಿನ್ಯ ಮುಂದೆ ಅಲ್ಲಿ ನೆಲೆಸಿದ. ಹುಬ್ಬಳ್ಳಿ ಧಾರವಾಡದ ಬಯಲಿನಲ್ಲಾಗಲಿ ಮಂಗಳೂರಿನ ಕರಾವಳಿಯಲ್ಲಾಗಲಿ ಸಿಗದ ಒಂದು ನೆಲೆ ಮೊಗ್ಲಿಂಗನಿಗೆ ಕೊಡಗಿನ ಬೆಟ್ಟಗಳಲ್ಲಿ ಸಿಕ್ಕಿತೆಂದು ತೋರುತ್ತದೆ. ಆದರೆ ಅದೂ ಏಳು ವರ್ಷಗಳ ಮಾತು. 1860ರಲ್ಲಿ ಅವನು ಜರ್ಮನಿಗೆ ಹಿಂದಿರುಗಿದ. ಅದಕ್ಕೆ ಎರಡು ವರ್ಷ ಮೊದಲು, ಕನ್ನಡ ಗ್ರಂಥಮಾಲೆಗಾಗಿ, ತಾನು ಓದಿದ ವಿಶ್ವವಿದ್ಯಾಲಯದಿಂದಲೇ ಅವನಿಗೆ ಗೌರವ ಡಾಕ್ಟರೇಟ್ ದೊರೆತಿತ್ತು. ಮರಳಿದ ಮೇಲೆ ಅವನು ಕನ್ನಡ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದ.

ಆಕರಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮೇಲಿನ ಬದುಕುಗಳ ವಿವರಗಳು ನಮಗೆ ತಿಳಿದಿರುವುದು ಮುಖ್ಯವಾಗಿ ಅವರು ಬಾಸೆಲ್‌ಗೆ ಬರೆದ ಪತ್ರ, ವರದಿಗಳಿಂದ. ಆ ಪತ್ರಗಳಲ್ಲಿ ಆಯ್ದವು ‘ಹೈಡೆನ್‌ಬೋಟೆ’ ಎಂಬ ಮಿಶನ್ ಪತ್ರಿಕೆಯಲ್ಲಿ ಅಚ್ಚಾಗಿ ದಾನಿಗಳ ಕೈ ಸೇರುತ್ತಿದ್ದವು. ಕಷ್ಟಗಳನ್ನು ಹೇಳಿಕೊಳ್ಳುವಾಗ ಎಷ್ಟು ಹೇಳಬೇಕು, ಯಾವುದನ್ನು ಹೇಳಬಾರದು ಎಂಬುದಕ್ಕೆ ಅಲ್ಲಿ ಒಂದು ರೂಢಿ ಇತ್ತು. ಅದೂ ಅಲ್ಲದೆ ಮೂಲಪತ್ರಗಳು ಹಳೆಯ ಜರ್ಮನ್ ಕೂಡುಬರಹದಲ್ಲಿವೆ. ಇಂದಿನ ಜರ್ಮನ್ನರೇ ವಿಶೇಷ ಅಭ್ಯಾಸವಿಲ್ಲದೆ ಅದನ್ನು ಓದಲಾರರು. ಇದರ ಪರಿಣಾಮವಾಗಿ ಕನ್ನಡದ ಸಂಶೋಧಕರು ಗುಂಡರ್ಟ್ ಬರೆದ ಜೀವನಚರಿತ್ರೆಯಂತಹ ಅಚ್ಚಾದ ಕೃತಿಗಳನ್ನೂ ಅವುಗಳ ಅನುವಾದಗಳನ್ನೂ ಅವಲಂಬಿಸಬೇಕಾಗಿದೆ. ಅಂದರೆ ಗೆಳೆಯನೊಬ್ಬನು ಗೆಳೆಯನನ್ನು ಕುರಿತು, ಆತ ತೀರಿಕೊಂಡ ಮರುವರ್ಷವೇ, ಭಕ್ತಸಮುದಾಯಕ್ಕಾಗಿ ಬರೆದದ್ದನ್ನು ನಾವು ಆಕರವೆಂದು ಉದ್ಧರಿಸುತ್ತಿದ್ದೇವೆ. ಮಂಗಳೂರು, ಧಾರವಾಡಗಳ ಕಡೆಯಿಂದ ಮುನ್ಶಿಗಳ, ವಿದ್ಯಾರ್ಥಿಗಳ ಮನೆತನಗಳ ದಾಖಲೆ ಹುಡುಕುವ ಕೆಲಸ ಇದಕ್ಕೆ ಪೂರಕವಾಗಿ ಆಗಬೇಕು. ಸೆಮಿನರಿಯ ಪರಂಪರೆಯನ್ನು ಮುಂದುವರಿಸಿದ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹ ಅಂತಹ ಹುಡುಕಾಟಕ್ಕೆ ಹತ್ತಿರದ ಬಾಗಿಲು.

ಬಾಸೆಲ್ ಮಿಶನ್ನಿನ ಮುಂದಿನ ತಲೆಮಾರು ಈ ನಾಡಿನಲ್ಲಿ ಎಷ್ಟು ಬೇರೂರಿತ್ತೆಂದರೆ, 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಕಾರ್ಖಾನೆಯ ಹೆಂಚು ಮತಭೇದವಿಲ್ಲದೆ ಎಲ್ಲರ ಮನೆಯ ಮಾಡಿನ ಮೇಲೂ ಕುಳಿತಿತು. ಕಿಟೆಲ್ ಅನಾರೋಗ್ಯದಿಂದ 1877ರಲ್ಲಿ ಊರಿಗೆ ಹೋದವನು ನಿಘಂಟಿಗಾಗಿ 1883ರಲ್ಲಿ ಮತ್ತೆ ಬಂದು 1892ರವರೆಗೆ ಇಲ್ಲಿದ್ದ. ಶಾಲೆಗಳು ಹೆಚ್ಚಿದವು, ಉಪಾಧ್ಯಾಯರಲ್ಲಿ ಸ್ಥಳೀಯರ ಸಂಖ್ಯೆ ಏರಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಪ್ರಜೆಗಳಾದ ಮಿಶನರಿಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುದೇಶದವರಾದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಲಾಯಿತು. ‘ಗೋಲ್ಕೊಂಡ’ ಹಡಗಿನಲ್ಲಿ ಮಿಶನರಿಗಳನ್ನೂ ಅವರ ಕುಟುಂಬಗಳನ್ನೂ ಯುರೋಪಿಗೆ ಕಳುಹಿಸಲಾಯಿತು. ಎಂಬತ್ತು ವರ್ಷ ತಮ್ಮನ್ನು ಆಳುವವರಿಂದ ಬೇರೆಯೆಂದು ಜನರಿಗೆ ತೋರಿಸಲು ಹೆಣಗಿದ ಆ ಉಪಾಧ್ಯಾಯರ ಪರಂಪರೆಯನ್ನು ಕೊನೆಗೆ ಬೇರೆಯೆಂದು ಗುರುತಿಸಿದ್ದು ಆಳುವವರೇ. ಖಾಲಿಯಾದ ತರಗತಿಗಳಲ್ಲಿ ಪಾಠ ಮುಂದುವರಿಸಿದವರು, ಹೆಚ್ಚಿನಂಶ, ಇದೇ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಬಂದ ಸ್ಥಳೀಯ ಉಪಾಧ್ಯಾಯರು.